ನಿಸ್ತಂತು ಅಂತರ್ಜಾಲ: ಮಳೆಗಾಲದಲ್ಲಿ ನೋಡಿ ಆರಿಸೋಣ



ಕಳೆದ ಆಷಾಢದಲ್ಲಿ ಸಂಘದ ಕಚೇರಿಯಿಂದ ಬರಿಗೈಯಲ್ಲಿ ಮರಳಿದವರನ್ನು ನಾವು ಮರೆತಿಲ್ಲ. ಮಳೆ ಹೊಳವಾಗಿತ್ತು. ಅಡಿಕೆಗೆ ಎರಡನೆಯ ಸಲ ಬೋರ್ಡೋ ಹೊಡೆಯಲು ಆಳುಗಳೂ ಸಿಕ್ಕಿದ್ದರು. ಆದರೆ ಅಂತರ್ಜಾಲ ನಾಲ್ಕು ದಿನ ಕೆಟ್ಟು ಕುಳಿತದ್ದರಿಂದ ಸದಸ್ಯರ ಖಾತೆಗೆ ಮುಂಗಡ ಹಣ ಜಮಾ ಮಾಡಲಾಗಲಿಲ್ಲ. ತಪ್ಪೆಲ್ಲ ಕಂಪನಿಯದೆಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದನ್ನು ಆರಿಸಿದವರು ನಾವೇ.

ಅಂದು ನಾವು ನೋಡಿದ್ದು ವೇಗ ಮತ್ತು ಬಾಡಿಗೆ ಮಾತ್ರ. ಪರೀಕ್ಷೆ ನಡೆಸಿದ್ದು ಬೇಸಿಗೆಯಲ್ಲಿ, ಮರಗಸಿ ಮುಗಿದ ಮೇಲೆ. ಆಗ ಗುಡ್ಡದ ಗೋಪುರ ಕಚೇರಿಯ ಮಾಡಿನಿಂದ ನಿಚ್ಚಳವಾಗಿ ಕಾಣುತ್ತಿತ್ತು. ಮಳೆ ಹಿಡಿಯುವ ಹೊತ್ತಿಗೆ ನಡುವಿನ ನೆರಳುಮರಗಳು ಚಿಗುರಿ ತುಂಬಿಕೊಂಡವು. ಈ ಸೇವೆಗೆ ಸಾಮಾನ್ಯವಾಗಿ ಬಳಸುವ 5 ಗಿಗಾಹರ್ಟ್ಸ್ ಅಲೆಗಳನ್ನು ಮಳೆಹನಿ ಅಷ್ಟಾಗಿ ತಡೆಯದು. ನೆನೆದ ಎಲೆ ತಡೆಯುತ್ತದೆ. ಗೋಪುರ ಕಂಡರಷ್ಟೇ ಸಾಲದು. ಅದು 5 ಕಿಲೋಮೀಟರ್ ದೂರವಿದ್ದರೆ, ನಡುದಾರಿಯಲ್ಲಿ ದೃಷ್ಟಿರೇಖೆಯ ಸುತ್ತ ಸುಮಾರು 5 ಮೀಟರ್ ತೆರವಿರಬೇಕು. ಇದರ ಮೇಲೆ ಕರೆಂಟು ಹೋಗಿ ಗೋಪುರದ ಬ್ಯಾಟರಿಯೂ ಬರಿದಾಯಿತು. ಗುಡ್ಡ ಹತ್ತಿ ಸರಿಪಡಿಸುವವರು ಯಾರೆಂದು ಕರಾರಿನಲ್ಲಿ ಬರೆದಿರಲಿಲ್ಲ.

‘ನಿರ್ವಹಣೆ ಸಹಿತ ಸೇವೆ’ ಎಂದರೆ ಈ ಹೊಣೆಯೇ. ಯಂತ್ರ ಕೂರಿಸುವುದು, ದೂರದಿಂದಲೇ ಅದರ ಮೇಲೆ ನಿಗಾ ಇಡುವುದು, ಕೆಟ್ಟರೆ ಬಂದು ರಿಪೇರಿ ಮಾಡುವುದು ಎಲ್ಲವೂ ಕಂಪನಿಯ ಕೆಲಸ. ಈ ಸಲ ಕೆಳಗಿನ ಪ್ರಶ್ನೆಗಳಿಗೆ ಬರಹದಲ್ಲೇ ಉತ್ತರ ಪಡೆಯಲಿದ್ದೇವೆ.

1. ದೂರಸಂಪರ್ಕ ಇಲಾಖೆಯ ಅನುಮತಿ ಇದೆಯೇ? 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗದ ಬಳಕೆಗೆ 2018ರಿಂದ ತರಂಗ ಪರವಾನಗಿ ಬೇಕಿಲ್ಲ. ಆದರೆ ಅಂತರ್ಜಾಲ ಸೇವೆ ಮಾರಲು ಅನುಮತಿ ಬೇಕೇ ಬೇಕು.

2. ವರ್ಷದಲ್ಲಿ ಎಷ್ಟು ಹೊತ್ತು ನಿಲ್ಲಬಹುದು? ಶೇಕಡಾ 99 ಎಂದರೆ ಮೂರೂವರೆ ದಿನಕ್ಕೂ ಹೆಚ್ಚು ನಿಲುಗಡೆ, 99.9 ಎಂದರೆ 9 ಗಂಟೆಗೂ ಕಡಿಮೆ. ಮೀರಿದರೆ ಬಾಡಿಗೆಯಲ್ಲಿ ಕಡಿತ ಎಷ್ಟು?

3. ‘50ರವರೆಗೆ’ ಎಂಬ ಮಾತು ಬೇಡ. ಇಳಿಸಲು ಮತ್ತು ಕಳುಹಿಸಲು ಕನಿಷ್ಠ ವೇಗ ಎಷ್ಟು?

4. ಗೋಪುರದ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ? ದೂರು ಕೊಟ್ಟ ಎಷ್ಟು ಗಂಟೆಯೊಳಗೆ ಜನ ಬರುತ್ತಾರೆ?

5. ಮರ ಬೆಳೆದರೆ ಕಂಬ ಎತ್ತರಿಸುವ ಖರ್ಚು ಯಾರದು? ನೆರೆಯವರ ತೋಟದ ಮರ ಕಡಿಯಿರೆಂದು ನಾವು ಹೇಳುವಂತಿಲ್ಲ.

ಇದಲ್ಲದೆ ಬೇರೊಂದು ಗೋಪುರದಿಂದ ಬರುವ ಮೊಬೈಲ್ ಸಿಮ್ ಒಂದನ್ನು ಆಪತ್ಕಾಲಕ್ಕೆ ಇಟ್ಟುಕೊಳ್ಳುವುದು ಲೇಸು. ಎರಡೂ ಒಂದೇ ಗೋಪುರದವಾದರೆ ಎರಡೂ ಒಟ್ಟಿಗೇ ನಿಲ್ಲುತ್ತವೆ.

ಬಾಡಿಗೆ ಹೆಚ್ಚಾದೀತು, ನಿಜ. ಆದರೂ ಮಳೆಯ ನಡುವೆ ಒಂದು ತಿಂಗಳು ನಡೆಸಿ ತೋರಿಸದ ಕಂಪನಿಗೆ ವರ್ಷದ ಕರಾರು ಬೇಡವೆಂಬುದು ನಮ್ಮ ಅಭಿಪ್ರಾಯ. ಹೊಳವು ನಮಗಾಗಿ ಕಾಯುವುದಿಲ್ಲ. ಸದಸ್ಯರು ತಮ್ಮ ಸಲಹೆಗಳನ್ನು ಸರ್ವಸದಸ್ಯರ ಸಭೆಗೆ ಮುಂಚೆ ಬರೆದು ತಿಳಿಸಬೇಕಾಗಿ ವಿನಂತಿ.

– ಕಾರ್ಯದರ್ಶಿ