ಕಾರು ಬೇಕಾ? ಮೊದಲು ಜಾಗ ತೋರಿಸಿ

ಟೋಕಿಯೋದಲ್ಲಿ ಕಾರು ಕೊಳ್ಳೋಕೆ ದುಡ್ಡಿದ್ದರೆ ಸಾಲದು. ಅದನ್ನು ನಿಲ್ಲಿಸೋಕೆ ಮನೆಯಿಂದ ಎರಡು ಕಿಲೋಮೀಟರ್ ಒಳಗೆ ಜಾಗ ಇದೆ ಅಂತ ನಕ್ಷೆ ಸಮೇತ ಪೊಲೀಸರಿಗೆ ತೋರಿಸಬೇಕು. ಪ್ರಮಾಣಪತ್ರ ಸಿಕ್ಕ ಮೇಲೇ ನೋಂದಣಿ. ಇದರ ಮೂಲ 1962ರ ಕಾನೂನು. ರಾತ್ರಿಯಿಡೀ ರಸ್ತೆಬದಿಯಲ್ಲಿ ಕಾರು ಬಿಡೋ ಹಾಗೇ ಇಲ್ಲ. ರಸ್ತೆಬದಿ ಖಾಲಿ ಇರೋದೂ ಒಂದು ಕಾರಣ, ಅಲ್ಲಿನ ಗಲ್ಲಿಗಳಲ್ಲಿ, ಫುಟ್‌ಪಾತ್ ಇಲ್ಲದ ಕಡೆಯೂ, ಪುಟ್ಟ ಮಕ್ಕಳು ತಾವೇ ನಡೆದು ಶಾಲೆಗೆ ಹೋಗ್ತಾರೆ. ನನಗೆ ತುಂಬ ಇಷ್ಟವಾದ ದೃಶ್ಯ ಅದು.

ಈಗ ಅಮೆರಿಕದ ಹ್ಯೂಸ್ಟನ್‌ಗೆ ಬನ್ನಿ. ಅಲ್ಲೊಂದು ಹೆದ್ದಾರಿ, ಕೇಟಿ ಫ್ರೀವೇ. 2008ರಲ್ಲಿ ಅಗಲೀಕರಣ ಮುಗೀತು. ಅತಿ ಅಗಲವಾದ ಕಡೆ, ಸರ್ವಿಸ್ ರಸ್ತೆಯೂ ಸೇರಿ, 26 ಲೇನ್! ಕೆಲವೇ ವರ್ಷದಲ್ಲಿ ಮತ್ತೆ ಜಾಮ್. ಯಾಕೆ? ರಸ್ತೆ ಖಾಲಿ ಕಂಡಾಗ ಜನ ಇನ್ನೂ ದೂರ ಮನೆ ಮಾಡ್ತಾರೆ, ಬೇರೆ ಹೊತ್ತಿಗೆ ಹೊರಡ್ತಿದ್ದವರೂ ಅದೇ ಹೊತ್ತಿಗೆ ಹೊರಡ್ತಾರೆ. ಕೊಟ್ಟಷ್ಟೂ ಜಾಗವನ್ನು ಕಾರು ನುಂಗುತ್ತೆ.

ಟೋಕಿಯೋ ಹಿಡಿದದ್ದು ಬೇರೆ ದಾರಿ. ಅಲ್ಲಿ ಟೋಕ್ಯು ಥರದ ಖಾಸಗಿ ರೈಲು ಕಂಪನಿಗಳು ಹಳಿಯ ಪಕ್ಕದಲ್ಲೇ ಮನೆ, ಅಂಗಡಿ ಕಟ್ಟಿದವು. ಟಿಕೆಟ್ ದುಡ್ಡೂ ಅವರಿಗೇ, ಬಾಡಿಗೆಯೂ ಅವರಿಗೇ. ರೈಲು ಇಳಿದು ತರಕಾರಿ ತಗೊಂಡು ಅಜ್ಜಿಯೊಬ್ಬರು ನಡೆದೇ ಮನೆ ಸೇರಬಹುದು.