ಆಷಾಢದಲ್ಲೂ ಕೈಬಿಡದ ಕಸುಬು

ಲಗ್ನಪತ್ರಿಕೆ, ಬಟ್ಟೆ ಚೀಲ, ಕಾಲೇಜು ಫೆಸ್ಟ್‌ನ ಟೀ ಶರ್ಟ್– ಇವುಗಳ ಮೇಲಿನ ಅಕ್ಷರವನ್ನೊಮ್ಮೆ ಬೆರಳಿನಿಂದ ಸವರಿ ನೋಡಿ. ಇಂಕು ತುಸು ಉಬ್ಬಿದಂತೆ ತಾಕಿದರೆ ಅದು ಬಹುಶಃ ಸ್ಕ್ರೀನ್ ಪ್ರಿಂಟಿಂಗ್. ಪದವಿ ಮುಗಿಸಿ ಅರ್ಜಿ ಹಾಕುತ್ತಾ ಕುಳಿತ ದಿನಗಳಲ್ಲಿ ನಾನು ಕಲಿತ ಕಸುಬಿದು.

ರಂಗೋಲಿ ಅಚ್ಚು ಗೊತ್ತಲ್ಲ? ತೂತಿದ್ದಲ್ಲಿ ಮಾತ್ರ ಪುಡಿ ಬೀಳುತ್ತದೆ. ಇಲ್ಲಿಯೂ ಅಷ್ಟೇ. ಚೌಕಟ್ಟಿಗೆ ಬಿಗಿದ ಪಾಲಿಯೆಸ್ಟರ್ ಜಾಲರಿಯೇ ಸ್ಕ್ರೀನ್. ಹಿಂದೆ ರೇಷ್ಮೆ ಬಳಸುತ್ತಿದ್ದರಿಂದ ಸಿಲ್ಕ್ ಸ್ಕ್ರೀನ್ ಎಂಬ ಹೆಸರೂ ಉಂಟು. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದರು.

ಮಂದ ಹಳದಿ ಬೆಳಕಿನ ಕೋಣೆಯಲ್ಲಿ ಜಾಲರಿಗೆ ಎಮಲ್ಷನ್ ಬಳಿದು ಒಣಗಿಸಬೇಕು. ಅದರ ಮೇಲೆ ವಿನ್ಯಾಸದ ಕಪ್ಪು ಪಾಸಿಟಿವ್ ಇಟ್ಟು ಬೆಳಕಿಗೆ ಒಡ್ಡಬೇಕು. ಬೆಳಕು ಬಿದ್ದ ಭಾಗ ಗಟ್ಟಿಯಾಗುತ್ತದೆ. ಕಪ್ಪಿನ ಅಡಿಯಲ್ಲಿದ್ದದ್ದು ನೀರಿನಲ್ಲಿ ತೊಳೆದುಹೋಗುತ್ತದೆ. ಆ ತೆರವಿನ ಮೂಲಕ ಸ್ಕ್ವೀಜಿಯಿಂದ ಇಂಕು ಎಳೆದರೆ ಅಚ್ಚು ಮೂಡುತ್ತದೆ.

ಕಾಗದಕ್ಕೂ ಬಟ್ಟೆಗೂ ಒಂದೇ ಜಾಲರಿ ಒಗ್ಗದು. ಬಟ್ಟೆ ಇಂಕು ಹೀರುವುದರಿಂದ ಸೆಂಟಿಮೀಟರಿಗೆ 40–60 ಎಳೆಗಳ ಜಾಲರಿ ಸಾಕು. ಕಾಗದದ ಸಣ್ಣ ಅಕ್ಷರಗಳಿಗೆ 90–120 ಎಳೆಗಳ ನುಣುಪು ಜಾಲರಿ ಬೇಕು. ಕನ್ನಡದ ಒತ್ತಕ್ಷರ ಮುಚ್ಚಿಹೋಗದಂತೆ ಮುದ್ರಿಸುವುದೇ ನಿಜವಾದ ಪರೀಕ್ಷೆ. ಟೀ ಶರ್ಟಿಗೆ ಬಳಸುವ ಪ್ಲಾಸ್ಟಿಸಾಲ್ ಇಂಕು ತಾನಾಗಿ ಒಣಗದು. ಸುಮಾರು 160 ಡಿಗ್ರಿ ಸೆಲ್ಸಿಯಸ್ ಶಾಖ ಕೊಡದಿದ್ದರೆ ಒಗೆತದಲ್ಲಿ ಬಿರುಕು ಬಿಡುತ್ತದೆ.

‘ಈಗೆಲ್ಲ ಡಿಜಿಟಲ್, ಇದಕ್ಕೆ ಬೆಲೆ ಇದೆಯಾ?’ ಎಂದು ಗೆಳೆಯರು ಕೇಳುತ್ತಾರೆ. ಒಂದೇ ಟೀ ಶರ್ಟ್ ಬೇಕಿದ್ದರೆ ಡಿಜಿಟಲ್ಲೇ ಅಗ್ಗ. ಒಂದೇ ವಿನ್ಯಾಸದ ನೂರು ಬೇಕಿದ್ದರೆ ಸ್ಕ್ರೀನ್ ಗೆಲ್ಲುತ್ತದೆ. ಆದರೆ ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನ್ ಬೇಕು. ಹಾಗಾಗಿ ಆರಂಭದಲ್ಲಿ ಒಂದೇ ಬಣ್ಣದ ಕೆಲಸ ಹಿಡಿಯುವುದು ಜಾಣತನ.

ಇದು ತಿಂಗಳ ಸಂಬಳದ ಕೆಲಸವಲ್ಲ. ಆಷಾಢ, ಧನುರ್ಮಾಸದಲ್ಲಿ ಲಗ್ನಪತ್ರಿಕೆ ಇರುವುದಿಲ್ಲ. ವಾಟ್ಸ್‌ಆ್ಯಪ್ ಕರೆಯೋಲೆಯಿಂದ ಉಳಿದ ತಿಂಗಳುಗಳಲ್ಲೂ ಪ್ರತಿಗಳ ಸಂಖ್ಯೆ ಇಳಿದಿದೆ. ಆಗ ಕೈಹಿಡಿಯುವುದು ಚೀಲ, ಟೀ ಶರ್ಟು. ಎರಡನ್ನೂ ಕಲಿಯಿರಿ ಎನ್ನುವುದು ಅದಕ್ಕೇ.

ಕಲಿಯುವಾಗ ಕೈಗವಸು ಮರೆಯಬೇಡಿ, ಕಿಟಕಿ ತೆರೆದಿರಲಿ. ಕೆಲವು ಎಮಲ್ಷನ್‌ಗಳಲ್ಲಿನ ಬೈಕ್ರೋಮೇಟ್ ವಿಷಕಾರಿ, ಥಿನ್ನರ್ ವಾಸನೆಯೂ ಒಳ್ಳೆಯದಲ್ಲ. ದುಬಾರಿ ಯಂತ್ರಕ್ಕೆ ಸಾಲ ಮಾಡುವ ಮೊದಲು ಹತ್ತಿರದ ಪ್ರೆಸ್ಸಿನಲ್ಲಿ ಕೆಲ ತಿಂಗಳು ಕೈಜೋಡಿಸಿ. ಸ್ಕ್ವೀಜಿಯ ಒತ್ತಡ ಎಷ್ಟಿರಬೇಕೆಂಬುದು ಕೈಗೆ ತಿಳಿಯಬೇಕು, ಪುಸ್ತಕದಿಂದ ಬರುವುದಿಲ್ಲ.