ಚಂದಾ ತಾನಾಗಿ ಮುಗಿಯುತ್ತಿದ್ದ ಕಾಲ

ನಮ್ಮ ಮನೆಗೆ ಅಂಚೆಯಲ್ಲಿ ಬರುತ್ತಿದ್ದ ಮಾಸಪತ್ರಿಕೆಗೆ ಒಂದು ಕಂದು ಕಾಗದದ ಪಟ್ಟಿ ಸುತ್ತಿರುತ್ತಿತ್ತು. ಅದರ ಮೇಲೆ ಅಪ್ಪನ ಹೆಸರು, ಚಂದಾ ಸಂಖ್ಯೆ. ವರ್ಷಕ್ಕೊಮ್ಮೆ ಅದೇ ಪಟ್ಟಿಯ ಮೇಲೆ ಕೆಂಪು ಮಸಿಯ ಮೊಹರು ಬೀಳುತ್ತಿತ್ತು: ಈ ಸಂಚಿಕೆಗೆ ನಿಮ್ಮ ಚಂದಾ ಮುಗಿಯಿತು. ಅಪ್ಪ ಮನಿಯಾರ್ಡರ್ ಮಾಡಿದರೆ ಪತ್ರಿಕೆ ಬರುತ್ತಿತ್ತು, ಸುಮ್ಮನಿದ್ದರೆ ನಿಲ್ಲುತ್ತಿತ್ತು. ಸುಮ್ಮನಿದ್ದಾರೆ ಎಂದರೆ ಬೇಡ ಎಂದೇ ಲೆಕ್ಕ.

ಮೊನ್ನೆ ಪಕ್ಕದ ಮನೆಯ ಅಜ್ಜಿ ಫೋನ್ ಹಿಡಿದುಕೊಂಡು ಬಂದರು. "ಆ್ಯಪ್ ತೆಗೆದುಹಾಕಿ ಮೂರು ತಿಂಗಳಾಯ್ತು ಕಣಪ್ಪ, ದುಡ್ಡು ಮಾತ್ರ ಹೋಗ್ತಾನೇ ಇದೆ." ಒಂದು ರೂಪಾಯಿಗೆ ಏಳು ದಿನ ಧಾರಾವಾಹಿ ನೋಡಬಹುದೆಂದು ಅವರು ಯುಪಿಐ ಪಿನ್ ಒತ್ತಿದ್ದರು. ಆ ಪಿನ್ನು ತಿಂಗಳು ತಿಂಗಳು ಹಣ ಕಡಿತ ಮಾಡುವ ಆಟೊಪೇಗೂ ಒಪ್ಪಿಗೆಯಾಗಿತ್ತು. ಆ್ಯಪ್ ಅಳಿಸಿದರೂ ಒಪ್ಪಿಗೆ ಹಾಗೇ ಉಳಿದಿತ್ತು.

ಸುಮ್ಮನಿದ್ದರೆ ಒಪ್ಪಿದಂತೆ ಎಂಬ ಈ ಪದ್ಧತಿ ಫೋನಿಗಿಂತ ತುಂಬ ಹಳೆಯದು. ಅಮೆರಿಕದಲ್ಲಿ 1926ರಲ್ಲಿ ಶುರುವಾದ ಬುಕ್ ಆಫ್ ದ ಮಂತ್ ಕ್ಲಬ್ ಇದನ್ನು ಜನಪ್ರಿಯಗೊಳಿಸಿತು. ಈ ತಿಂಗಳ ಪುಸ್ತಕ ಬೇಡ ಎಂದು ಸದಸ್ಯ ಕಾರ್ಡು ಬರೆದು ಹಾಕದಿದ್ದರೆ ಪುಸ್ತಕವೂ ಬರುತ್ತಿತ್ತು, ಬಿಲ್ಲೂ ಬರುತ್ತಿತ್ತು. ಇಂಥ ಮಾರಾಟಕ್ಕೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನಿಯಮ ಹಾಕಿದ್ದು 1973ರಲ್ಲಿ.

ಆ್ಯಪ್‌ಗಳಿಗೆ ಈ ಪದ್ಧತಿ ಬಂದದ್ದು 2011ರಲ್ಲಿ, ಆ್ಯಪಲ್ ಚಂದಾ ವ್ಯವಸ್ಥೆ ತೆರೆದಾಗ. ಮರುವರ್ಷ ಗೂಗಲ್ ಪ್ಲೇ ಕೂಡ ತೆರೆಯಿತು. ನನ್ನ ಪ್ರಕಾರ ದೊಡ್ಡ ತಿರುವು 2016ರದು. ಆ ವರ್ಷ ಆ್ಯಪಲ್ ಎಲ್ಲ ಬಗೆಯ ಆ್ಯಪ್‌ಗಳಿಗೂ ಚಂದಾ ಪದ್ಧತಿ ತೆರೆದು, ಗ್ರಾಹಕ ಒಂದು ವರ್ಷ ಉಳಿದುಕೊಂಡರೆ ತನ್ನ ಪಾಲನ್ನು ಶೇ 30ರಿಂದ 15ಕ್ಕೆ ಇಳಿಸುವುದಾಗಿ ಹೇಳಿತು. ಅಲ್ಲಿಂದ ಮುಂದೆ ಗ್ರಾಹಕನನ್ನು ಕರೆತರುವಷ್ಟೇ, ಹೋಗದಂತೆ ತಡೆಯುವುದೂ ಲಾಭದ ಕೆಲಸವಾಯಿತು.

ತಡೆಯುವ ವಿದ್ಯೆಗೂ ಹೆಸರಿದೆ. ಬ್ರಿಟನ್ನಿನ ವಿನ್ಯಾಸಕಾರ ಹ್ಯಾರಿ ಬ್ರಿಗ್ನಲ್ 2010ರಲ್ಲಿ ಇಂಥ ತಂತ್ರಗಳನ್ನು 'ಡಾರ್ಕ್ ಪ್ಯಾಟರ್ನ್' ಎಂದು ಕರೆದರು. ಅಮೆಜಾನ್ ಪ್ರೈಮ್ ರದ್ದು ಮಾಡುವ ದಾರಿಗೆ ಕಂಪನಿಯೊಳಗೆ 'ಇಲಿಯಡ್' ಎಂಬ ಹೆಸರಿತ್ತು, ಹೋಮರನ ಆ ದೀರ್ಘ ಕಾವ್ಯದ ಹೆಸರು, ಎಂದು 2023ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ದಾವೆಯಲ್ಲಿ ಹೇಳಿತು. ನಾಲ್ಕು ಪುಟ, ಆರು ಕ್ಲಿಕ್, ಹದಿನೈದು ಆಯ್ಕೆ ದಾಟಬೇಕಿತ್ತಂತೆ. 2025ರ ಸೆಪ್ಟೆಂಬರ್‌ನಲ್ಲಿ ಆ ದಾವೆ 250 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು.

ನಮ್ಮಲ್ಲಿ ಮೊದಲು ಲಗಾಮು ಹಾಕಿದ್ದು ರಿಸರ್ವ್ ಬ್ಯಾಂಕ್. 2019ರಲ್ಲಿ ಹೊರಡಿಸಿದ ನಿಯಮ 2021ರ ಅಕ್ಟೋಬರ್ 1ರಿಂದ ಪೂರ್ತಿಯಾಗಿ ಜಾರಿಗೆ ಬಂತು. ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ತಿಳಿಸಬೇಕು, ಬೇಡ ಎನ್ನುವ ಅವಕಾಶವನ್ನೂ ಕೊಡಬೇಕು. ನನಗೆ ಇದು ಅಪ್ಪನ ಪತ್ರಿಕೆಯ ಕೆಂಪು ಮೊಹರು ಮರಳಿ ಬಂದಂತೆ ಕಂಡಿತ್ತು. ಆದರೆ ಅಜ್ಜಿಯ ಫೋನಿನಲ್ಲಿ ಆ ಸಂದೇಶ ಸಾಲದ ಜಾಹೀರಾತುಗಳ ನಡುವೆ ಇಂಗ್ಲಿಷಿನಲ್ಲಿ ಬಿದ್ದಿತ್ತು. ಅಂಥ ಮುನ್ಸೂಚನೆ ಕನ್ನಡದಲ್ಲೇ ಬರಬೇಕು. ಓದಲಾಗದವರಿಗೆ ಅದು ಇದ್ದೂ ಇಲ್ಲದಂತೆ.

2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಪಟ್ಟಿ ಮಾಡಿದ 13 ಡಾರ್ಕ್ ಪ್ಯಾಟರ್ನ್‌ಗಳಲ್ಲಿ ಚಂದಾ ಬಲೆಯೂ ಒಂದು. ರದ್ದು ಮಾಡುವ ದಾರಿಯನ್ನು ಬಚ್ಚಿಡುವುದು, ಗೋಜಲು ಮಾಡುವುದು ಈಗ ನಿಷಿದ್ಧ.

ಅಜ್ಜಿಯ ಯುಪಿಐ ಆ್ಯಪ್‌ನಲ್ಲಿ ಆಟೊಪೇ ವಿಭಾಗ ತೆರೆದು ಆ ಒಪ್ಪಿಗೆ ರದ್ದು ಮಾಡಿದೆವು, ಎರಡೇ ನಿಮಿಷದ ಕೆಲಸ. ಪ್ಲೇ ಸ್ಟೋರ್ ಮೂಲಕ ಕಟ್ಟಿದ ಚಂದಾ ಆದರೆ ಅಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ ಸಬ್‌ಸ್ಕ್ರಿಪ್ಷನ್ ಪಟ್ಟಿ ನೋಡಿ. ಐಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ನಿಮ್ಮ ಹೆಸರು ಒತ್ತಿ ಅದೇ ಪಟ್ಟಿ ನೋಡಿ. ಮನೆಯ ಹಿರಿಯರ ಫೋನನ್ನೂ ಇವತ್ತೇ ಒಮ್ಮೆ ನೋಡಿಬಿಡಿ. ರದ್ದಾಗದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ದೂರು ಹೇಳಬಹುದು.